ಮೆರವಣಿಗೆಯ ಹಕ್ಕು ಮತ್ತು ಕಲೆಕ್ಟರರ ಅಪ್ಪಣೆ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದಾಗ ಸುಳ್ಳ ಮೊದಲಾದ ಹುಬ್ಬಳ್ಳಿ ಸೀಮೆಯ ಗ್ರಾಮಗಳು ಕಂಪನಿ ಸರಕಾರದ ವಶವಾದವು. ಮುಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದವು. ಮಸೀದಿಯೊಳಗಿನ ನಮಾಝನ್ನಾಗಲಿ, ಗುಡಿಯೊಳಗಿನ ಪೂಜೆಯನ್ನಾಗಲಿ ತಡೆಯುವುದು ಹೊಸ ಸರಕಾರದ ನೀತಿಯಾಗಿರಲಿಲ್ಲ. ಪ್ರಜೆಗಳ ನಂಬಿಕೆ, ಆರಾಧನೆಗಳಲ್ಲಿ ಅಧಿಕಾರಿಗಳು ಕೈಹಾಕಕೂಡದೆಂದು 1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆಯೂ ಹೊರಟಿತು. ಆದರೆ ಧರ್ಮವು ಹೊಸ್ತಿಲು ದಾಟಿ ಬೀದಿಗೆ ಬಂದಾಗ ಈ ಮಾತು ಎಷ್ಟು ದೂರ ನಡೆಯಿತು?

ಮುಹರ್ರಮ್ ಬಂತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಪಂಜಾ, ಡೋಲಿಗಳು ಹೊರಡುತ್ತವೆ. ಹೊರುವವರಲ್ಲಿ, ಹಾಡುವವರಲ್ಲಿ ಹಿಂದೂ ಬಾಂಧವರೂ ಇರುತ್ತಾರೆ. ಇದಕ್ಕೆ ಶರೀಅತ್ತಿನಲ್ಲಿ ಆಧಾರವುಂಟೇ ಎಂಬುದು ಉಲಮಾಗಳು ತೀರ್ಮಾನಿಸಬೇಕಾದ ಪ್ರಶ್ನೆ. ಇಲ್ಲವೆಂದು ಹೇಳುವವರಲ್ಲಿ ನಾನೂ ಒಬ್ಬ. ಕಲೆಕ್ಟರರಿಗೆ ಆ ಪ್ರಶ್ನೆ ಬೇಕಿರಲಿಲ್ಲ. ಇದು ಹಿಂದಿನಿಂದ ನಡೆದುಬಂದ ವಾಡಿಕೆಯೇ, ಇದರಿಂದ ಗಲಭೆಯಾದೀತೇ ಎಂಬ ಎರಡೇ ಸಂಗತಿಗಳು ಅವರಿಗೆ ಮುಖ್ಯವಾಗಿದ್ದವು.

ಇದು ಮುಸ್ಲಿಮರೊಬ್ಬರ ಕಥೆಯಲ್ಲ. ಲಿಂಗಾಯತ ಸ್ವಾಮಿಗಳು ರಾಜಬೀದಿಯಲ್ಲಿ ಅಡ್ಡಪಲ್ಲಕ್ಕಿ ಏರಕೂಡದು, ಆ ಮರ್ಯಾದೆ ತಮಗೆ ಮಾತ್ರ ಸಲ್ಲತಕ್ಕದ್ದು ಎಂದು ಇನ್ನೊಂದು ಪೀಠದ ಸ್ವಾಮಿಗಳು ಹೂಡಿದ ದಾವೆಯು ಮುಂಬಯಿ ಪ್ರಾಂತದಿಂದ ಹೊರಟು ಲಂಡನ್ನಿನ ಪ್ರೀವಿ ಕೌನ್ಸಿಲ್ ತಲುಪಿತ್ತು. ಅದು 1843ರ ಮಾತು. ಪಲ್ಲಕ್ಕಿಯನ್ನು ಅಡ್ಡಲಾಗಿ ಹೊರಬೇಕೋ ಉದ್ದಕ್ಕೋ ಎಂಬುದನ್ನು ಸಮುದ್ರದಾಚೆಯ ನ್ಯಾಯಾಧೀಶರು ಕುಳಿತು ಆಲಿಸಿದರು!

ಕಾನೂನುಗಳು ಒಂದೊಂದಾಗಿ ಬಂದವು. 1860ರ ದಂಡ ಸಂಹಿತೆಯು ಆರಾಧನಾಲಯವನ್ನು ಅಪವಿತ್ರಗೊಳಿಸುವುದನ್ನೂ ಆರಾಧನೆಗೆ ನೆರೆದವರಿಗೆ ಅಡ್ಡಿಪಡಿಸುವುದನ್ನೂ ಅಪರಾಧವೆಂದಿತು. ಇದು ಒಳ್ಳೆಯ ಕಾನೂನೇ. 1882ರ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಸ್ವಭಾವ ಬೇರೆ. ಗಲಭೆಯ ಭಯವಿದ್ದರೆ ಮ್ಯಾಜಿಸ್ಟ್ರೇಟರು ನ್ಯಾಯಬದ್ಧವಾದ ಕೆಲಸವನ್ನೂ ಕೆಲಕಾಲ ನಿಲ್ಲಿಸಬಹುದಾಯಿತು. ಕಲ್ಲು ಎತ್ತುವೆನೆಂದು ಹೆದರಿಸಿದವನನ್ನು ಹಿಡಿಯುವುದಕ್ಕಿಂತ ಶಾಂತವಾಗಿ ಹೊರಟವನನ್ನು ತಡೆಯುವುದು ಅಧಿಕಾರಿಗೆ ಸುಲಭವಾಗಿತ್ತು.

ಆಗ ನ್ಯಾಯಾಲಯದ ಮೊರೆ ಹೋಗಬಹುದಿತ್ತೇ? ಅದಕ್ಕೆ ಉತ್ತರ ಊರು ಯಾವ ಪ್ರಾಂತದಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಮುಸ್ಲಿಮರ ನಡುವೆಯೇ ಎದ್ದ ಒಂದು ಮೆರವಣಿಗೆಯ ವ್ಯಾಜ್ಯದಲ್ಲಿ ಮುಂಬಯಿ ಹೈಕೋರ್ಟು 1877ರಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ಅಡ್ಡಿಯಾಯಿತೆಂದ ಮಾತ್ರಕ್ಕೆ ಸಿವಿಲ್ ದಾವೆ ನಡೆಯದು, ತನಗೆ ವಿಶೇಷ ನಷ್ಟವಾಯಿತೆಂದು ತೋರಿಸಬೇಕು ಎಂದು ತೀರ್ಪಿತ್ತಿತು. ಮದ್ರಾಸ್ ಹೈಕೋರ್ಟಾದರೋ ಮೆರವಣಿಗೆಯ ಹಕ್ಕನ್ನು ಮನ್ನಿಸುತ್ತಿತ್ತು. ಸೇಲಂನಲ್ಲಿ ಮಸೀದಿಯ ಮುಂದಿನ ವಾದ್ಯದ ವಿಷಯವಾಗಿ ನಡೆದ ಗಲಭೆಯ ತರುವಾಯ, 1883ರಲ್ಲಿ, ಮ್ಯಾಜಿಸ್ಟ್ರೇಟರ ಆಜ್ಞೆಗೆ ಒಳಪಟ್ಟು ಆ ಹಕ್ಕು ಉಂಟೆಂದೇ ಹೇಳಿತು. ಬಳ್ಳಾರಿ, ಮಂಗಳೂರುಗಳು ಮದ್ರಾಸಿಗೆ ಸೇರಿದ್ದವು, ಹುಬ್ಬಳ್ಳಿ, ಧಾರವಾಡಗಳು ಮುಂಬಯಿಗೆ. ಒಂದೇ ಭಾಷೆಯಾಡುವ, ಒಂದೇ ರಾಣಿಯ ಘೋಷಣೆಗೆ ಒಳಗಾದ ಇಬ್ಬರು ಕನ್ನಡಿಗರಲ್ಲಿ ಬಳ್ಳಾರಿಯವನಿಗೆ ಇದ್ದ ದಾರಿ ಸುಳ್ಳದವನಿಗೆ ಇರಲಿಲ್ಲ.

ಈ ಭೇದ ನೀಗಿದ್ದು 1924ರಲ್ಲಿ. ಉತ್ತರ ಭಾರತದ ಔರಂಗಾಬಾದಿನಲ್ಲಿ ಶಿಯಾ ಬಾಂಧವರ ಮೆರವಣಿಗೆ ಸುನ್ನಿ ಮಸೀದಿಯ ಬಳಿ ನಿಂತು ಮಾತಮ್ ಮಾಡುವ ವಿಚಾರವಾಗಿ ವ್ಯಾಜ್ಯವೆದ್ದಿತ್ತು. ಪ್ರೀವಿ ಕೌನ್ಸಿಲ್ ಮುಂಬಯಿಯ ಅಭಿಪ್ರಾಯವನ್ನು ಒಪ್ಪದೆ, ತಕ್ಕ ಆಚರಣೆಗಳೊಂದಿಗೆ ರಾಜಮಾರ್ಗದಲ್ಲಿ ಧಾರ್ಮಿಕ ಮೆರವಣಿಗೆ ನಡೆಸುವುದು ಹಕ್ಕೇ ಎಂದಿತು. ಆದರೆ ಅದು ಮ್ಯಾಜಿಸ್ಟ್ರೇಟರ ನ್ಯಾಯಸಮ್ಮತ ಆಜ್ಞೆಗೂ ಇತರ ದಾರಿಹೋಕರ ಹಕ್ಕಿಗೂ ಒಳಪಟ್ಟದ್ದು ಎಂಬ ನಿಬಂಧನೆ ಇತ್ತು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವ 25ನೆಯ ವಿಧಿಯೂ, ಆ ಸ್ವಾತಂತ್ರ್ಯವನ್ನು ಹೇಳುವುದಕ್ಕೆ ಮೊದಲೇ, ಸಾರ್ವಜನಿಕ ಸುವ್ಯವಸ್ಥೆಯನ್ನು ಹೆಸರಿಸುತ್ತದೆ.