ಮಗುವಿಗೆ ಹಕ್ಕು, ಹಣ ಯಾರದು?

ಬಿ.ಎ. ತರಗತಿಯಲ್ಲಿ ಕಾರಕಗಳ ಪಾಠ ಬಂದಾಗ ನಾನು ಪ್ರತಿ ವರ್ಷವೂ ಒಂದು ಮಾತನ್ನು ಹೇಳುವುದುಂಟು: ದಾನಕ್ಕೆ ಪಡೆಯುವವನೊಬ್ಬನಿದ್ದರೆ ಸಾಲದು, ಕೊಡುವವನೂ ಬೇಕು. ಸಂಪ್ರದಾನವಿದ್ದು ಕರ್ತೃವಿಲ್ಲದ ಮಾತು ವ್ಯಾಕರಣದಲ್ಲಿ ಹೇಗೋ ನಿಂತೀತು, ವ್ಯವಹಾರದಲ್ಲಿ ನಿಲ್ಲದು. ಈಚೆಗೆ ಜರ್ಮನಿಯ ಶಿಶುವಿಹಾರಗಳ ಚರಿತ್ರೆಯನ್ನು ಓದುತ್ತಿದ್ದಾಗ ಈ ಹಳೆಯ ಪಾಠಕ್ಕೆ ಹೊಸದೊಂದು ಉದಾಹರಣೆ ದೊರೆಯಿತು.

ನಮ್ಮ ಬೀದಿ ಬೀದಿಯ ಬೋರ್ಡುಗಳಲ್ಲಿ ಕಾಣುವ ‘ಕಿಂಡರ್‌ಗಾರ್ಟನ್’ ಎಂಬ ಮಾತು ಇಂಗ್ಲಿಷಿನ ಮೂಲಕ ನಮಗೆ ಬಂದರೂ ಹುಟ್ಟಿದ್ದು ಜರ್ಮನ್ ನುಡಿಯಲ್ಲಿ. ಮಕ್ಕಳ ತೋಟವೆಂದು ಅದರ ಅರ್ಥ. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ ಫ್ರೆಡ್‌ರಿಕ್ ಫ್ರೋಬೆಲ್ ೧೮೪೦ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ತನ್ನ ಸಂಸ್ಥೆಗೆ ಆ ಹೆಸರನ್ನಿಟ್ಟ. ಅದಕ್ಕೆ ಬೇಕಾದ ಹಣಕ್ಕಾಗಿ ಅವನು ಯಾವ ದೊರೆಯ ಬಾಗಿಲಿಗೂ ಕಾಯಲಿಲ್ಲ. ಹತ್ತು ಥಾಲರಿನ ಷೇರುಗಳನ್ನು ಕೊಳ್ಳಿರೆಂದು ಜರ್ಮನಿಯ ಹೆಂಗಸರನ್ನು ಬೇಡಿದ. ಕೊಂಡವರು ಕೆಲವರೇ. ಹೀಗೆ ಹೆಸರಿಟ್ಟ ದಿನವೇ ಹಣದ ಪ್ರಶ್ನೆಯೂ ಹುಟ್ಟಿತೆನ್ನಬೇಕು. ೧೮೫೧ರಲ್ಲಿ ಪ್ರಷ್ಯದ ಸರ್ಕಾರ ಈ ತೋಟಗಳಲ್ಲಿ ನಾಸ್ತಿಕತೆಯೂ ಸಮಾಜವಾದವೂ ಬೆಳೆಯುತ್ತವೆಂದು ಬೆದರಿ ಅವನ್ನು ನಿಷೇಧಿಸಿತು. ಅಣ್ಣನ ಮಗ ಕಾರ್ಲ್ ಬರೆದ ಹೊತ್ತಗೆಯ ಪಾಪ ಚಿಕ್ಕಪ್ಪನ ತಲೆಗೆ ಬಂದಿತ್ತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೊಲಗಿದ್ದು ೧೮೬೦ರಲ್ಲಿ.

ಎರಡನೆಯ ಮಹಾಯುದ್ಧದ ತರುವಾಯ ದೇಶ ಎರಡಾಯಿತು. ಶಿಶುವಿಹಾರದ ದಾರಿಯೂ ಎರಡಾಯಿತು. ಪೂರ್ವದಲ್ಲಿ ಹೆಂಗಸರು ಕಾರ್ಖಾನೆ ಕಚೇರಿಗಳಿಗೆ ಬರಲೇಬೇಕಾಗಿತ್ತು. ಆದುದರಿಂದ ಮೂರು ವರ್ಷ ದಾಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅಲ್ಲಿ ಸ್ಥಳವಿತ್ತು. ಪಶ್ಚಿಮದಲ್ಲಿ ಮಗುವಿನ ಜಾಗ ತಾಯಿಯ ಮಡಿಲು ಎಂಬ ನಂಬಿಕೆ ಬಲವಾಗಿತ್ತು. ಚರ್ಚುಗಳೂ ಊರಾಡಳಿತಗಳೂ ನಡೆಸುತ್ತಿದ್ದ ವಿಹಾರಗಳು ಸಾಲುತ್ತಿರಲಿಲ್ಲ. ಇದ್ದವುಗಳಲ್ಲಿಯೂ ಬಹುಪಾಲು ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳನ್ನು ಮನೆಗೆ ಕಳುಹಿಸುತ್ತಿದ್ದವು.

೧೯೯೦ರಲ್ಲಿ ದೇಶ ಮತ್ತೆ ಒಂದಾದಾಗ ಒಂದು ಕಠಿಣವಾದ ತೊಡಕು ಎದುರಾಯಿತು. ಗರ್ಭಪಾತದ ವಿಷಯದಲ್ಲಿ ಎರಡು ಭಾಗಗಳಿಗೆ ಎರಡು ಕಾನೂನು. ೧೯೯೨ರ ಕೊನೆಯೊಳಗೆ ಅವನ್ನು ಒಂದು ಮಾಡಬೇಕೆಂಬುದು ಒಪ್ಪಂದ. ಹೆಣ್ಣನ್ನು ಶಿಕ್ಷೆಯಿಂದ ಬೆದರಿಸುವ ಬದಲು, ಹೆತ್ತ ಮೇಲೆ ಒಂಟಿಯಾಗುವುದಿಲ್ಲವೆಂಬ ಭರವಸೆ ಕೊಡೋಣವೆಂದು ಹಲವು ಸದಸ್ಯರು ವಾದಿಸಿದರು. ಆ ವರ್ಷದ ಕಾನೂನಿನಲ್ಲಿ, ಗರ್ಭಪಾತದ ನಿಯಮಗಳ ಜೊತೆಯಲ್ಲಿಯೇ, ಮೂರು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಸ್ಥಳದ ಹಕ್ಕುಂಟೆಂಬ ಮಾತೂ ಸೇರಿತು. ೧೯೯೩ರಲ್ಲಿ ಸಂವಿಧಾನ ನ್ಯಾಯಾಲಯ ಗರ್ಭಪಾತದ ಮುಖ್ಯ ನಿಯಮಗಳನ್ನು ತಳ್ಳಿಹಾಕಿತು. ಮಗುವಿನ ಹಕ್ಕು ಮಾತ್ರ ಉಳಿಯಿತು.

ಆ ವಾಕ್ಯವನ್ನು ನೋಡಿ: ಮಗುವಿಗೆ ಹಕ್ಕುಂಟು. ಪಡೆಯುವವರು ಯಾರೆಂಬುದು ಸ್ಪಷ್ಟ. ಹಣ ಕೊಡುವವರು ಯಾರೆಂಬುದು ಅದರಲ್ಲಿಲ್ಲ. ಶಾಸನ ಕೇಂದ್ರದ್ದು, ಕಟ್ಟಡ ಕಟ್ಟಿ ಉಪಾಧ್ಯಾಯಿನಿಯರನ್ನು ನೇಮಿಸುವ ಹೊಣೆ ಊರಿನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ನಗರಗಳು ಗೊಣಗಿದವು. ಹಕ್ಕು ೧೯೯೬ರ ಜನವರಿಯಲ್ಲಿ ಜಾರಿಗೆ ಬಂದರೂ, ೧೯೯೮ರ ಕೊನೆಯವರೆಗೆ ಸ್ಥಳ ಕೊಡುವುದನ್ನು ಗೊತ್ತಾದ ಕೆಲವು ದಿನಾಂಕಗಳಿಗೆ ಮುಂದೂಡಲು ಅವುಗಳಿಗೆ ಅವಕಾಶ ದೊರೆಯಿತು.

ಎರಡನೆಯ ಜಗಳ ೨೦೦೭ರದು. ಏಳು ಮಕ್ಕಳ ತಾಯಿಯಾದ ಸಚಿವೆ ಉರ್ಸುಲಾ ಫಾನ್ ಡೆರ್ ಲೇಯೆನ್ ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾಗಿ ೨೦೧೩ರೊಳಗೆ ಒಟ್ಟು ೭,೫೦,೦೦೦ ಸ್ಥಳಗಳಿರಬೇಕೆಂದರು. ಇದು ಹೆಂಗಸರನ್ನು ಹೆರುವ ಯಂತ್ರಗಳನ್ನಾಗಿ ಮಾಡುವ ಯೋಜನೆಯೆಂದು ಔಗ್ಸ್‌ಬುರ್ಗಿನ ಬಿಷಪ್ಪರು ಕಿಡಿಕಾರಿದರು. ತರ್ಕ ನಡೆದೇ ಇತ್ತು, ಲೆಕ್ಕವೂ ನಡೆಯಿತು. ವೆಚ್ಚ ೧೨೦೦ ಕೋಟಿ ಯೂರೋ, ಅದರಲ್ಲಿ ಕೇಂದ್ರದ ಪಾಲು ೪೦೦ ಕೋಟಿ. ಮಿಕ್ಕದ್ದು ರಾಜ್ಯಗಳ ಮತ್ತು ನಗರಗಳ ತಲೆಯ ಮೇಲೆ. ನಾರ್ತ್‌ರೈನ್ ವೆಸ್ಟ್‌ಫೇಲಿಯದ ಕೆಲವು ನಗರಗಳೂ ಜಿಲ್ಲೆಗಳೂ ತಮ್ಮ ರಾಜ್ಯದ ಮೇಲೆಯೇ ದಾವೆ ಹೂಡಿದವು. ಹೊರೆ ಹೊರಿಸಿದ ರಾಜ್ಯವೇ ಅದಕ್ಕೆ ಪರಿಹಾರವನ್ನೂ ಕೊಡಬೇಕೆಂದು ೨೦೧೦ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು.

೨೦೧೩ರ ಆಗಸ್ಟ್ ೧ರಿಂದ ಒಂದು ವರ್ಷ ತುಂಬಿದ ಮಗುವಿಗೂ ಹಕ್ಕು ಬಂದಿತು. ಆದರೆ ಲೈಪ್‌ಜಿಗ್ ನಗರದಲ್ಲಿ ಮೂವರು ತಾಯಂದಿರಿಗೆ ಸಮಯಕ್ಕೆ ಸ್ಥಳ ದೊರೆಯಲಿಲ್ಲ. ಕೆಲಸಕ್ಕೆ ಹಿಂದಿರುಗಲಾರದೆ ಕಳೆದುಕೊಂಡ ಸಂಬಳವನ್ನು ನಗರವೇ ಕಟ್ಟಿಕೊಡಲೆಂದು ಅವರು ಮೊಕದ್ದಮೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲಿನದರಲ್ಲಿ ಸೋತರು. ೨೦೧೬ರ ಅಕ್ಟೋಬರಿನಲ್ಲಿ ದೇಶದ ಉಚ್ಚ ನ್ಯಾಯಪೀಠ, ಅಂಥ ನಷ್ಟಕ್ಕೆ ನಗರ ಹೊಣೆಯಾಗಬಹುದೆಂದೂ, ಬೊಕ್ಕಸದಲ್ಲಿ ಹಣವಿಲ್ಲವೆಂಬುದು ನೆಪವಾಗದೆಂದೂ ತೀರ್ಪಿತ್ತು, ತಪ್ಪು ಯಾರದೆಂದು ನಿರ್ಣಯಿಸಲು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು ಇದೇ. ಸ್ಥಳ ಕೊಡದಿರುವುದಕ್ಕೂ ಅಂದು ಒಂದು ಬೆಲೆ ಗೊತ್ತಾಯಿತು.

ಆದರೂ ಸೋಜಿಗ ಮುಗಿಯಲಿಲ್ಲ. ೨೦೧೮ರ ಆಗಸ್ಟಿನಲ್ಲಿ ಬರ್ಲಿನ್ ನಗರ ಶಿಶುವಿಹಾರದ ಶುಲ್ಕವನ್ನು ಪೂರ್ತಿ ತೆಗೆದುಹಾಕಿತು. ಅದೇ ವರ್ಷದ ಮಾರ್ಚಿಯಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಉಪಾಧ್ಯಾಯಿನಿಯರು ಸಿಗುತ್ತಿಲ್ಲವೆಂಬ ಸಮಾಧಾನವನ್ನು ಒಪ್ಪದೆ, ಐದು ವಾರಗಳಲ್ಲಿ ಮಕ್ಕಳಿಗೆ ಸ್ಥಳ ತೋರಿಸಿರೆಂದು ಆಜ್ಞೆ ಮಾಡಬೇಕಾಗಿತ್ತು. ಊಟ ಪುಕ್ಕಟೆಯಾದರೇನು, ಎಲೆಯೇ ಇಲ್ಲದಿದ್ದರೆ?

ಇದನ್ನೋದಿ ನಾವು ನಗಬೇಕಾದುದಿಲ್ಲ. ನಮ್ಮ ಸಂವಿಧಾನಕ್ಕೆ ೨೦೦೨ರಲ್ಲಿ ತಂದ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಆರು ತುಂಬದ ಕೂಸುಗಳ ಪಾಲಿಗೆ, ೪೫ನೆಯ ವಿಧಿಯಲ್ಲಿ, ರಾಜ್ಯ ‘ಪ್ರಯತ್ನಿಸತಕ್ಕದ್ದು’ ಎಂದಿಷ್ಟೇ ಉಳಿಯಿತು. ಅವರ ವಾಕ್ಯದಲ್ಲಿ ಹಕ್ಕಿತ್ತು, ಹಣ ಕೊಡುವವನನ್ನು ಹುಡುಕಲು ಇಪ್ಪತ್ತು ವರ್ಷ ಕೋರ್ಟು ಹತ್ತಿಳಿಯಬೇಕಾಯಿತು. ನಮ್ಮ ವಾಕ್ಯದಲ್ಲಿ ಕರ್ತೃ ಎದ್ದು ಕಾಣುತ್ತಾನೆ. ಆದರೆ ಅವನ ಕ್ರಿಯೆ ಕೊಡುವುದಲ್ಲ, ಪ್ರಯತ್ನಿಸುವುದು. ಪ್ರಯತ್ನಕ್ಕೆ ಲೆಕ್ಕ ಕೇಳಲು ಯಾವ ತಾಯಿ ಯಾವ ಕೋರ್ಟಿಗೆ ಹೋದಾಳು? ಮುಂದಿನ ವರ್ಷ ಕಾರಕದ ಪಾಠದಲ್ಲಿ ಎರಡು ವಾಕ್ಯಗಳನ್ನೂ ಕರಿಹಲಗೆಯ ಮೇಲೆ ಬರೆಯಬೇಕೆಂದಿದ್ದೇನೆ.