ಗೋಡೆಬರಹದಿಂದ ವೈದ್ಯರ ಚೀಟಿಯವರೆಗೆ



ಮಾನ್ವಿಯಲ್ಲಿ ಶಿಕ್ಷಕನಾಗಿದ್ದ ದಿನಗಳ ಪ್ರಸಂಗವಿದು. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಗುಪ್ತರೋಗ ಅಂದ್ರ ಏನ್ರಿ? ಬಸ್ ಸ್ಟ್ಯಾಂಡ್ ಗೋಡಿ ಮ್ಯಾಲ ಬರದಾರ" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಅವನನ್ನು ಗದರಿಸಿ ಕೂಡ್ರಿಸಿ, ಮೊಘಲರ ಪಾಠ ಮುಂದುವರಿಸಿದೆ. ಆ ಗೋಡೆಬರಹಕ್ಕೂ ಒಂದು ಇತಿಹಾಸವಿದೆಯೆಂಬುದು ಇತಿಹಾಸದ ಮೇಷ್ಟ್ರಿಗೇ ತಿಳಿದಿರಲಿಲ್ಲ. ಅಂದಿನ ಹುಡುಗರು ಇಂದು ಐವತ್ತರ ಆಸುಪಾಸಿನಲ್ಲಿದ್ದೀರಿ. ಬಾಕಿ ಉಳಿದ ಉತ್ತರವನ್ನು ಈಗ ಸಲ್ಲಿಸುತ್ತಿದ್ದೇನೆ.

ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಹೇಳುವ ಔಷಧಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೊಂದು ನಿಷೇಧಿಸಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಎಂಬುದು ಅದರ ಹೆಸರು. ಆಗ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರುವ ಮೊದಲೇ ಆ ಗೋಡೆಬರಹ ಅಪರಾಧವಾಗಿತ್ತು. ಆದರೂ ಅದು ಉಳಿದುಬಂದಿತು. ಕಾರಣ ಸ್ಪಷ್ಟ: ನಾಚಿಕೆಯಿಂದ ಜನ ಬಾಯಿ ಬಿಡುತ್ತಿರಲಿಲ್ಲ, ವೈದ್ಯರ ಬಳಿಯೂ ಖಚಿತವಾದ ಗುಳಿಗೆ ಇರಲಿಲ್ಲ.

ಆ ಗುಳಿಗೆ ದೊರೆತದ್ದು ಆಕಸ್ಮಿಕವಾಗಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಫೈಝರ್ ಕಂಪನಿಯ ವಿಜ್ಞಾನಿಗಳು ಎದೆನೋವಿಗೆಂದು ಸಿಲ್ಡೆನಾಫಿಲ್ ಎಂಬ ಔಷಧವನ್ನು ಪರೀಕ್ಷಿಸುತ್ತಿದ್ದರು. ಎದೆನೋವಿಗೆ ಅದು ಅಷ್ಟಾಗಿ ಫಲ ನೀಡಲಿಲ್ಲ. ಆದರೆ ಪರೀಕ್ಷೆಗೆ ಒಳಗಾದ ಗಂಡಸರು ಬೇರೊಂದು ಪರಿಣಾಮವನ್ನು ವರದಿ ಮಾಡಿದರು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ಅದು ವಯಾಗ್ರ ಹೆಸರಿನಲ್ಲಿ ಅನುಮತಿ ಪಡೆಯಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯು ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದುದರಿಂದ, ಭಾರತೀಯ ಕಂಪನಿಗಳು 2001ರ ಹೊತ್ತಿಗೇ ಇದೇ ಔಷಧವನ್ನು ಅಗ್ಗವಾಗಿ ಮಾರುಕಟ್ಟೆಗೆ ತಂದವು. ಔಷಧ ಸುಲಭವಾಯಿತು; ತಿಳಿವಳಿಕೆ ಮಾತ್ರ ಹಿಂದೆ ಬಿತ್ತು.

ದೇವದುರ್ಗದ ನನ್ನ ಮಿತ್ರರೊಬ್ಬರ ವಿಷಯ ಹೇಳುತ್ತೇನೆ. ಹೃದಯದ ಬೇನೆಗೆ ನಾಲಿಗೆಯಡಿ ಇಡುವ ಗುಳಿಗೆ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ಯಾರೋ ಗೆಳೆಯರು ಕೊಟ್ಟರೆಂದು ಈ ಮಾತ್ರೆಯನ್ನೂ ನುಂಗಿದರು. ರಾತ್ರಿ ಎದೆ ಹಿಡಿದಾಗ ಅಭ್ಯಾಸಬಲದಿಂದ ನಾಲಿಗೆಯಡಿಯ ಗುಳಿಗೆ ಇಟ್ಟುಕೊಂಡರು; ಕೂಡಲೇ ಕಣ್ಣು ಕತ್ತಲಿಟ್ಟು ಬಿದ್ದರು. ಮನೆಯವರು ತಕ್ಷಣ ಆಸ್ಪತ್ರೆಗೆ ಸಾಗಿಸಿದ್ದರಿಂದ ಬದುಕಿದರು. ವೈದ್ಯರು ಎರಡು ಸಲ ಕೇಳಿದ ಮೇಲೆಯೇ ಅವರು ಮಾತ್ರೆಯ ವಿಷಯ ಬಾಯಿಬಿಟ್ಟದ್ದು.

ಹೀಗೇಕಾಯಿತು? ನಮ್ಮ ಎಡದಂಡೆ ಕಾಲುವೆಯನ್ನು ನೆನೆಯಿರಿ. ಎಲ್ಲ ತೂಬುಗಳನ್ನೂ ಒಮ್ಮೆಗೇ ತೆರೆದರೆ ಕಾಲುವೆಯ ನೀರಿನ ಮಟ್ಟ ಕುಸಿಯುತ್ತದೆ. ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್‌ನಂತಹ ನೈಟ್ರೇಟ್ ಔಷಧಗಳು ರಕ್ತನಾಳಗಳನ್ನು ಅಗಲಿಸುತ್ತವೆ; ಸಿಲ್ಡೆನಾಫಿಲ್ ಕೂಡ ಅಗಲಿಸುತ್ತದೆ. ಎರಡೂ ಕೂಡಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ನೈಟ್ರೇಟ್ ಸೇವಿಸುವವರಿಗೆ ಈ ಮಾತ್ರೆ ಸರ್ವಥಾ ಸಲ್ಲದು. ಇದನ್ನು ನುಂಗಿದ ಮೇಲೆ ಎದೆನೋವು ಬಂದರೆ ನೈಟ್ರೇಟ್ ಇಟ್ಟುಕೊಳ್ಳದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ಹೇಳಬೇಕು.

ಉಳಿದ ಎಚ್ಚರಗಳೂ ಸರಳವಾಗಿವೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ, 65 ದಾಟಿದವರಿಗೆ 25ರಿಂದ ಆರಂಭಿಸುತ್ತಾರೆ. 24 ಗಂಟೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೇವಿಸಬಾರದು. ಪ್ರಾಸ್ಟೇಟ್ ಗ್ರಂಥಿಗೆ, ಬಿ.ಪಿ.ಗೆ ಔಷಧ ಸೇವಿಸುತ್ತಿದ್ದರೆ ಮುಚ್ಚಿಡದೆ ತಿಳಿಸಬೇಕು. ತಲೆನೋವು, ಮುಖ ಕೆಂಪಾಗುವುದು ಸಾಮಾನ್ಯ; ಆದರೆ ದೃಷ್ಟಿ ಅಥವಾ ಕಿವಿ ಹಠಾತ್ತನೆ ಮಂಕಾದರೆ, ನಿಮಿರುವಿಕೆ 4 ಗಂಟೆ ಮೀರಿದರೆ ಆಸ್ಪತ್ರೆಗೆ ಧಾವಿಸಬೇಕು. ಹೆಸರಿಲ್ಲದ ಪುಡಿ, ಲೇಹ್ಯಗಳನ್ನು ನಂಬಬೇಡಿ. ಗಿಡಮೂಲಿಕೆಯೆಂದು ಮಾರುವ ಎಷ್ಟೋ ಸರಕಿನಲ್ಲಿ ಇದೇ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಇನ್ನೊಂದು ಮಾತು. ಈ ತೊಂದರೆ ಅನೇಕ ವೇಳೆ ಸಕ್ಕರೆ ಕಾಯಿಲೆಯ, ಹೃದಯರೋಗದ ಮುನ್ಸೂಚನೆ. ಕದ್ದು ಮಾತ್ರೆ ನುಂಗಿದವನು ಆ ಸೂಚನೆಯನ್ನೇ ಕಳೆದುಕೊಳ್ಳುತ್ತಾನೆ. ವೈದ್ಯರ ಬಳಿ ಹೋದವನಿಗೆ ರಕ್ತಪರೀಕ್ಷೆಯಾದರೂ ಆಗುತ್ತದೆ.

ಅಂದು ಪ್ರಶ್ನೆ ಕೇಳಿದ ಹುಡುಗನೇ, ನೀನು ಇದನ್ನು ಓದುತ್ತಿದ್ದರೆ ನಿನ್ನ ಮೇಷ್ಟ್ರನ್ನು ಕ್ಷಮಿಸಪ್ಪ. ಅದು ಗುಪ್ತರೋಗವಲ್ಲ, ಬರೀ ರೋಗ. ನಾವೇ ಅದನ್ನು ಗುಪ್ತವಾಗಿಸಿದೆವು.