ಗೆಜ್ಜೆಪೂಜೆ ಎಂಬ ಪದ

ನರಸಿಂಹರಾಜಪುರವನ್ನು ನಮ್ಮ ಕೊಪ್ಪದ ಕಡೆಯ ಹಳಬರು ಎಡೇಹಳ್ಳಿ ಎನ್ನುತ್ತಿದ್ದರು. ಎಂ.ಕೆ. ಇಂದಿರಾ 1917ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿಯಲ್ಲಾದರೂ ಅವರ ಊರು ಇದೇ. ಏಳು ವರ್ಷದ ಶಾಲೆ, ಹನ್ನೆರಡಕ್ಕೆ ಮದುವೆ. ಬರೆಯಲು ಕೂತದ್ದು ನಲವತ್ತೈದರ ಹೊತ್ತಿಗೆ. 1963ರಲ್ಲಿ ‘ತುಂಗಭದ್ರ’ ಬಂತು. ‘ಫಣಿಯಮ್ಮ’ದ ಹೆಸರು ದೊಡ್ಡದು, ನಿಜ. ಆದರೆ ನೃತ್ಯದ ಹುಚ್ಚಿರುವ ನನ್ನನ್ನು ಬಿಡದೆ ಕಾಡಿದ್ದು ಅವರ ‘ಗೆಜ್ಜೆಪೂಜೆ’.

ಪುಟ್ಟಣ್ಣ ಕಣಗಾಲ್ ಅದನ್ನು 1969ರಲ್ಲಿ ಸಿನಿಮಾ ಮಾಡಿದರು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕಥೆಗೂ ಬಂತು. ಆಮೇಲೆ ಅದೇ ಕಥೆ ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’, ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಆಯಿತು.

ಮೇಲ್ನೋಟಕ್ಕೆ ಇದೊಂದು ಪ್ರೇಮಕಥೆ. ವೇಶ್ಯೆಯರ ಮನೆಯಲ್ಲಿ ಬೆಳೆದ ಚಂದ್ರಾ (ಕಲ್ಪನಾ) ಓದಬೇಕು, ಮದುವೆಯಾಗಬೇಕು ಎನ್ನುವ ಹುಡುಗಿ. ಪಕ್ಕದ ಮರ್ಯಾದಸ್ಥರ ಮನೆಯ ಸೋಮು (ಗಂಗಾಧರ್) ಅವಳನ್ನು ಮೆಚ್ಚುತ್ತಾನೆ. ಅಪಾರ್ಥವೊಂದು ನಡುವೆ ಬಂದು ಅವನು ಕೈಬಿಟ್ಟ ಮೇಲೆ ಅವಳು ಗೆಜ್ಜೆಪೂಜೆಗೆ ಒಪ್ಪುತ್ತಾಳೆ, ಪ್ರಾಣವನ್ನೂ ಬಿಡುತ್ತಾಳೆ. ಸೋಮುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು! ಆದರೆ ಕೇಳದಿರುವುದೇ ಆ ಸಮಾಜದ ಅಭ್ಯಾಸ. ಕಥೆ ನಿಂತಿರುವುದೇ ಅದರ ಮೇಲೆ.

ಸಿನಿಮಾ ನೋಡುವ ಮೊದಲೇ ನನ್ನ ಗೆಜ್ಜೆಪೂಜೆ ಆಗಿತ್ತು. ಭರತನಾಟ್ಯ ಕಲಿಯುವವರಿಗೆ ಇದು ಗೊತ್ತು: ಮೊದಲ ಸಲ ಗೆಜ್ಜೆ ಕಟ್ಟುವ ಮುಂಚೆ ಅದನ್ನು ದೇವರ ಮುಂದಿಟ್ಟು ಪೂಜಿಸಿ, ಗುರುಗಳ ಕೈಯಿಂದ ಪಡೆಯುವುದು. ಕಾರ್ಡು ಅಚ್ಚಾಗಿ ಬಂದಾಗ ಅಜ್ಜಿ ಅದನ್ನು ಓದಿ, ‘ಈ ಹೆಸರು ಹಾಕದಿದ್ರೆ ಆಗ್ತಿರ್ಲಿಲ್ವನೇ?’ ಎಂದಿದ್ದರು. ಶೃಂಗೇರಿ ನವರಾತ್ರಿಗೆ ತಪ್ಪದೆ ಹೋಗುವ, ಕುಣಿತ ಕಂಡರೆ ಕಣ್ಣರಳಿಸುವ ಅಜ್ಜಿ. ಅವರ ತಲೆಮಾರಿಗೆ ಆ ಪದ ಹುಡುಗಿಯೊಬ್ಬಳನ್ನು ಕಸುಬಿಗೆ ಇಳಿಸುವ ಶಾಸ್ತ್ರ.

ನಡುವೆ ನಡೆದದ್ದು ಇಷ್ಟು. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆ ನಿಲ್ಲಿಸಿತು. 1930ರ ದಶಕದಲ್ಲಿ ಮದರಾಸಿನಲ್ಲಿ ಆ ಹೆಂಗಸರ ಕಲೆ ‘ಭರತನಾಟ್ಯ’ವೆಂಬ ಹೆಸರಿನಲ್ಲಿ ಮೇಲ್ಜಾತಿಯ ಹುಡುಗಿಯರ ಕಾಲಿಗೆ ಬಂತು. ಕರ್ನಾಟಕದ ದೇವದಾಸಿ ನಿಷೇಧ ಕಾಯ್ದೆ ಬರಲು 1982 ಆಗಬೇಕಾಯಿತು. ಅರ್ಜೆಂಟೀನಾದ ಟ್ಯಾಂಗೋ ಕಥೆಯೂ ಹೆಚ್ಚುಕಡಿಮೆ ಹೀಗೇ. ಬ್ಯೂನಸ್ ಐರಿಸ್‌ನ ಬಡವರ, ವಲಸಿಗರ ಕೇರಿಗಳ ಕುಣಿತವನ್ನು ಅಲ್ಲಿಯ ಸಿರಿವಂತರು ಒಪ್ಪಿಕೊಂಡದ್ದು 1913ರ ಸುಮಾರಿಗೆ ಪ್ಯಾರಿಸ್ ಅದಕ್ಕೆ ಮರುಳಾದ ಮೇಲೆ.

ಕುಣಿತಕ್ಕೆ ಮರ್ಯಾದೆ ಸಿಕ್ಕಿತು, ಕುಣಿದವರಿಗೆ ಸಿಗಲಿಲ್ಲ. ಚಂದ್ರಾಳಿಗೆ ಬೇಡವಾಗಿದ್ದ ಗೆಜ್ಜೆಯನ್ನು ನಾನು ಹಟ ಮಾಡಿ ಕಟ್ಟಿಸಿಕೊಂಡವಳು. ಹಾಗಾಗಿ ಆ ಕೊನೆಯ ದೃಶ್ಯದಲ್ಲಿ ಎಲ್ಲರೂ ಕಲ್ಪನಾ ಅವರ ಮುಖ ನೋಡುತ್ತಿರುವಾಗ ನನಗೆ ಅವಳ ಪಾದದ ಮೇಲಿಂದ ಕಣ್ಣು ತೆಗೆಯಲಾಗುವುದಿಲ್ಲ.